ಕೊಡೆಯಣ್ಣನ ಸೈಕಲ್ಲು

ಅಂಗಿಯ ಬೆನ್ನನ್ನು ಕಾಲರಿನಿಂದ ಕೆಳಗಿನವರೆಗೆ ಸೀಳುತ್ತಿದ್ದವಳು ಅರ್ಧದಲ್ಲೇ ನಿಂತಳು. ಇಷ್ಟು ವರ್ಷ ಅಂಗಿ ಹೊಲಿದ ಕೈ, ಸೀಳು ಎಂದರೆ ಒಪ್ಪುತ್ತಿರಲಿಲ್ಲ. ಸೆಟೆದುಕೊಂಡ ತೋಳಿಗೆ ಅಂಗಿ ತೊಡಿಸಬೇಕಾದರೆ ಬೇರೆ ದಾರಿಯಿಲ್ಲ ಎಂದು ಆಸ್ಪತ್ರೆಯ ಆಯಾ ಹೇಳಿಕೊಟ್ಟಿದ್ದಳು. ಮಗಳು ಕತ್ತರಿಗೆ ಕೈ ಚಾಚಿದಳು.

"ಬೇಡ. ನೀನು ಅಡ್ಡಾದಿಡ್ಡಿ ಕತ್ತರಿಸ್ತೀಯ."

ಗಂಡ ಸತ್ತದ್ದು ಹಿಂದಿನ ದಿನ ಸಂಜೆ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸ ಅವನದು. ಮಡಚುವ ಸೈಕಲ್ಲಿನಲ್ಲಿ ಹೋದವನು ಊರಿನ ಇನ್ನೊಂದು ತುದಿಯಲ್ಲಿ ತಲೆಯೊಡೆದುಕೊಂಡು ಬಿದ್ದಿದ್ದ. ಯಾರೋ ದಾರಿಹೋಕರು ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಜೀವ ಹೋಗಿತ್ತು. ಎದೆ ಮೊದಲು ನಿಂತಿತೋ, ತಲೆ ಮೊದಲು ಒಡೆಯಿತೋ ಹೇಳುವುದು ಕಷ್ಟ ಎಂದು ಡಾಕ್ಟರು ಕೈಚೆಲ್ಲಿದರು. ಸೈಕಲ್ ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಡಾಕ್ಟರು ಹೇಳದೆ ಬಿಟ್ಟದ್ದನ್ನು ಬಂದವರು ಹೇಳಿ ಮುಗಿಸಿದರು. ಸೈಕಲ್ ನಡುದಾರಿಯಲ್ಲಿ ಮಡಚಿಕೊಂಡು ಬಿತ್ತು ಎಂಬುದು ಬೆಳಗಾಗುವುದರೊಳಗೆ ನಿಜವೇ ಆಗಿಬಿಟ್ಟಿತ್ತು. ಬಾಗಿಲ ಪಕ್ಕ ಕೂತಿದ್ದ ನಾದಿನಿ ಎದುರುಮನೆಯವಳ ಕಿವಿಗೆ ಬಾಗಿದಳು.

"ಅಂಥ ಸೈಕಲ್ಲನ್ನ ಮನೇಲೇ ಬಿಚ್ಚಿ ರಿಪೇರಿ ಮಾಡೋದು ಅಂದ್ರೇನು? ಅಂಗಡಿ ಇರಲಿಲ್ವಾ? ನಮ್ಮಣ್ಣನಾದ್ರೂ ಇವಳು ಹಾಕಿದ ಗೆರೆ ದಾಟಿದವನೇ ಅಲ್ಲ."

ಒಂದು ಕೋಣೆ, ಒಂದು ಅಡುಗೆಮನೆಯಷ್ಟರ ಮನೆಯದು. ಅಲ್ಲಿ ಪಿಸುಮಾತಿಗೆ ಹೋಗಿ ಅಡಗಲು ಜಾಗವಿರಲಿಲ್ಲ. ಅವಳು ತಲೆಯೆತ್ತದೆ ಕತ್ತರಿ ಮುಂದಕ್ಕೆ ನಡೆಸಿದಳು. ನಾದಿನಿ ಹೇಳಿದ್ದನ್ನೇ ರಾತ್ರಿಯಿಡೀ ತನಗೆ ತಾನೇ ಹೇಳಿಕೊಂಡಿದ್ದಳು.

*

ಮೊದಲು ಅವನಿಗೂ ಎಲ್ಲರಂತೆ ದೊಡ್ಡ ಸೈಕಲ್ಲೇ ಇತ್ತು. ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದರೆ ಓಡಾಡಲು ಅಡ್ಡ ಎಂದು ಕೆಳಮನೆಯವರು ಒಂದು ಸಲ ಮುಖ ಸಿಂಡರಿಸಿದ್ದೇ ಸಾಕಾಯಿತು. ಅದನ್ನು ಮಾರಿ, ಯಾರೋ ಬಳಸಿ ಬಿಟ್ಟ ಮಡಚುವ ಸೈಕಲ್ ಹೊತ್ತುಕೊಂಡು ಬಂದ. ಯಾರಿಗೂ ಅಡ್ಡ ಬರಬಾರದು, ಅವನ ಜೀವನದ ಆಸೆ ಇಷ್ಟೇ. ಬಸ್ಸು ಖಾಲಿಯಿದ್ದರೂ ಸೈಕಲ್ ಮಡಚಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಸೈಕಲನ್ನು ಕೊಡೆಯಂತೆ ಮಡಚುತ್ತಾನೆಂದು ಕಚೇರಿಯವರು ಕೊಡೆಯಣ್ಣ ಎಂದು ಹೆಸರಿಟ್ಟರು. ಅವನೂ ಅವರ ಜೊತೆ ಸೇರಿ ನಕ್ಕ.

ಸವಾರಿ ಅವನದು, ರಿಪೇರಿ ಅವಳದು. ನಟ್ಟು ಎತ್ತ ತಿರುಗಿಸಿದರೆ ಬಿಗಿ, ಎತ್ತ ಸಡಿಲ ಎಂಬುದು ಕೊನೆಯವರೆಗೂ ಅವನ ತಲೆಗೆ ಹತ್ತಲಿಲ್ಲ. ಅವಳೋ ಹೊಲಿಗೆ ಮಿಷನ್ನಿನ ಹೊಟ್ಟೆ ಬಗೆದು ಮತ್ತೆ ಜೋಡಿಸುವ ಗಟ್ಟಿಗಿತ್ತಿ. ಭಾನುವಾರ ಊಟವಾದ ಮೇಲೆ ಹಳೇ ಪೇಪರ್ ಹಾಸಿ ಸೈಕಲನ್ನು ಅಂಗಾತ ಮಲಗಿಸುತ್ತಿದ್ದಳು. ಹಲ್ಲುಜ್ಜಿ ಸವೆದ ಬ್ರಷ್ಷಿನಿಂದ ಚೈನು ತಿಕ್ಕಿ, ಮಿಷನ್ ಎಣ್ಣೆ ಹನಿಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಚಿಂದಿಯಿಂದ ಒರೆಸುತ್ತಿದ್ದಳು. ಬ್ರೇಕಿನ ಹತ್ತಿರ ಎಣ್ಣೆ ಸುಳಿಯಲೂ ಬಿಡುತ್ತಿರಲಿಲ್ಲ. ಅವನು ಎದುರು ಕುಕ್ಕರಗಾಲಿನಲ್ಲಿ ಕೂತು ಟಾರ್ಚ್ ಹಿಡಿಯುತ್ತಿದ್ದ. ಬೆಳಕು ಬೇಕಾದ ಕಡೆ ಬಿಟ್ಟು ಬೇರೆಲ್ಲೋ ಬೀಳುತ್ತಿತ್ತು, ಹೆಚ್ಚಾಗಿ ಅವಳ ಮುಖದ ಮೇಲೆ.

"ಸೈಕಲ್ ಇಲ್ಲಿದೆ ರೀ."

"ಗೊತ್ತು" ಎನ್ನುತ್ತಿದ್ದ. ಆದರೂ ಟಾರ್ಚ್ ಆ ಕಡೆ ತಿರುಗುತ್ತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಕೀಲು. ಸೈಕಲ್ ಎರಡಾಗಿ ಮಡಚುವುದೇ ಅಲ್ಲಿ. ಅದನ್ನು ಕಚ್ಚಿ ಹಿಡಿಯುವ ಹಿಡಿಕೆಯ ನಟ್ಟು ಸಡಿಲವಾದರೆ ಸವಾರನ ಗತಿ ದೇವರಿಗೇ ಪ್ರೀತಿ. ಕಳೆದ ಭಾನುವಾರ ಆ ನಟ್ಟು ಸಡಿಲಿಸಿ, ಮಣ್ಣು ತೆಗೆದು, ಎಣ್ಣೆ ಬಿಟ್ಟಿದ್ದಳು. ಅಷ್ಟರಲ್ಲಿ ಸ್ಕೂಲ್ ಯೂನಿಫಾರ್ಮಿನ ಅಳತೆ ಕೊಡಲು ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದಳು. ಇವಳು ಕೈಯೊರೆಸಿಕೊಂಡು ಟೇಪು ಹಿಡಿದಳು.

"ಬಿಗಿ ಆಯ್ತಾ?" ಬೆನ್ನ ಹಿಂದಿನಿಂದ ಅವನು ಕೇಳಿದ್ದ.

"ಆಯ್ತು, ಆಯ್ತು. ತಗೊಂಡು ಹೋಗಿ ಮೂಲೆಗಿಡಿ."

ಟೇಪು ಹಿಡಿಯುವ ಮೊದಲು ಸ್ಪ್ಯಾನರ್ ಹಿಡಿದಿದ್ದಳೇ? ಎಣ್ಣೆ ಬಿಟ್ಟದ್ದು ನೆನಪಿತ್ತು. ಆ ಹುಡುಗಿಯ ಭುಜದ ಅಳತೆ ಕೂಡ ನೆನಪಿತ್ತು. ನಟ್ಟು ತಿರುಗಿಸಿದ್ದು ಮಾತ್ರ ಎಷ್ಟು ಜಾಲಾಡಿದರೂ ಸಿಗುತ್ತಿರಲಿಲ್ಲ. ಗಂಡನನ್ನು ನಾನೇ ಕೊಂದೆನೇ ಎಂದು ಯಾರನ್ನು ಕೇಳುವುದು?

*

ಅಂಗಿ ತೊಡಿಸಿ, ಸೀಳು ಕಾಣದಂತೆ ಬೆನ್ನ ಕೆಳಗೆ ಮಡಚಿ ಸೇರಿಸಿದ್ದಾಯಿತು. ಕೆಳಗೆ ವ್ಯಾನು ಬಂದು ನಿಂತಿತು. ಆಗಲೇ ಯಾರೋ ಅಪರಿಚಿತ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಅವನ ಕೈಯಲ್ಲಿ ಸೈಕಲ್ಲಿತ್ತು, ಮಡಚಿಕೊಂಡಿತ್ತು. ತನ್ನದು ಔಷಧಿ ಅಂಗಡಿ, ಯಜಮಾನರು ಬಿದ್ದದ್ದು ಅದರ ಮುಂದೆಯೇ, ಕಚೇರಿಯಲ್ಲಿ ವಿಳಾಸ ಕೇಳಿಕೊಂಡು ಬಂದೆ ಎಂದ.

ಮಡಚಿದ ಸೈಕಲ್ ಕಂಡು ನಾದಿನಿ ಎದುರುಮನೆಯವಳ ಮುಖ ನೋಡಿದಳು. ಗಂಡನ ಪಕ್ಕ ಕೂತಿದ್ದವಳು ಗೋಡೆ ಹಿಡಿದುಕೊಂಡು ಎದ್ದು ಬಂದಳು.

"ಹೀಗೇ ಮಡಚಿಕೊಂಡು ಬಿದ್ದಿತ್ತಾ?"

"ಬಿದ್ದಿರಲಿಲ್ಲಮ್ಮ. ಅವರೇ ಮಡಚಿಟ್ಟಿದ್ದು."

ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ಯಜಮಾನರು ಅಂಗಡಿಯ ಮುಂದೆ ಸೈಕಲ್ಲಿಂದ ಇಳಿದರಂತೆ. ಮೈಯೆಲ್ಲ ಬೆವರು, ಎದೆ ನೀವಿಕೊಳ್ಳುತ್ತಿದ್ದರು. ಕೂತುಕೊಳ್ಳಿ ಎಂದರೂ ಕೇಳದೆ, ಗಿರಾಕಿಗಳಿಗೆ ಅಡ್ಡವಾಗುತ್ತದೆ ಎಂದು ಸೀಟು ಇಳಿಸಿ, ಹ್ಯಾಂಡಲ್ ಮಡಚಿ, ಸೈಕಲನ್ನು ಗೋಡೆಗೆ ಒರಗಿಸಿ, ಆಮೇಲೆಯೇ ಮೆಟ್ಟಿಲ ಮೇಲೆ ಕೂತರು.

"ಮನೆಗೆ ಫೋನ್ ಮಾಡ್ಲಾ ಅಂದೆ. ಬೇಡ, ಅವಳು ಮಿಷನ್ ಮೇಲೆ ಕೂತಿರ್ತಾಳೆ, ಯಾಕೆ ಸುಮ್ನೆ ಎಬ್ಬಿಸೋದು ಅಂದ್ರು. ನೀರು ತರೋಣ ಅಂತ ಒಳಗೆ ಹೋದೆ. ಅಷ್ಟರಲ್ಲಿ ಕೂತಲ್ಲೇ ವಾಲಿಬಿದ್ದು ಮೆಟ್ಟಿಲ ಅಂಚಿಗೆ ತಲೆ ಬಡಿದಿತ್ತು."

ನಾದಿನಿ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. "ನಿಮ್ಮ ತಪ್ಪೇನೂ ಇಲ್ಲ ಅತ್ತಿಗೆ. ನಾನೇ ಏನೇನೋ ಅಂದುಬಿಟ್ಟೆ."

ಅವಳು ಬಾಗಿಲಲ್ಲೇ ಬಗ್ಗಿ ಸೈಕಲನ್ನು ಬಿಡಿಸಿದಳು. ಎರಡು ತುಂಡು ಒಂದಾದವು. ನಡುವಿನ ಹಿಡಿಕೆಯನ್ನು ಅಂಗೈಯಿಂದ ಒತ್ತಿದಳು. ಅದು ಸುಲಭಕ್ಕೆ ಬಗ್ಗಲಿಲ್ಲ, ಮೈಭಾರ ಹಾಕಿದ ಮೇಲೆ ಟಕ್ಕೆಂದು ಕೂತಿತು. ಬಿಗಿಯಾಗಿತ್ತು, ಎಂದಿನಷ್ಟೇ ಬಿಗಿ.

ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ನಟ್ಟು ಸಡಿಲವಾಗಿದ್ದರೆ ಎಲ್ಲ ಕಣ್ಣುಮಿಟುಕಿಸುವುದರಲ್ಲಿ ಮುಗಿಯಿತು ಎಂದುಕೊಳ್ಳಬಹುದಿತ್ತು. ಸೀಟು ಇಳಿಸಲು ಅವನಿಗೆ ಹೊತ್ತಿತ್ತು, ಹ್ಯಾಂಡಲ್ ಮಡಚಲು ಹೊತ್ತಿತ್ತು, ಹೆಂಡತಿಯನ್ನು ಕರೆಯಲು ಮಾತ್ರ ಸಂಕೋಚ. ಕೆಳಮನೆಯವರು, ಬಸ್ಸಿನವರು, ಯಾರದೋ ಅಂಗಡಿಯ ಗಿರಾಕಿಗಳು, ಆ ಸಾಲಿನಲ್ಲೇ ತನ್ನನ್ನೂ ನಿಲ್ಲಿಸಿದ್ದನಲ್ಲ. ಸತ್ತವನ ಮೇಲೆ ಸಿಟ್ಟು ಬಂತು, ಅಳು ಬರಲಿಲ್ಲ.

ಕೆಳಗಿನಿಂದ ವ್ಯಾನಿನವನು ಹಾರ್ನ್ ಮಾಡಿದ. ಕಚೇರಿಯವರು ಕೊಡೆಯಣ್ಣನನ್ನು ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಬಂದು ನಿಂತರು. ಸೈಕಲ್ ಹೊಸ್ತಿಲ ಉದ್ದಕ್ಕೂ ಚಾಚಿ ನಿಂತಿತ್ತು.

"ಅಮ್ಮಾ, ಮಡಚಮ್ಮ" ಎಂದಳು ಮಗಳು ಮೆತ್ತಗೆ. "ಅಪ್ಪ ಹೋಗೋಕೆ ಅಡ್ಡ ಆಗ್ತಿದೆ."

ಅವಳು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟು ಹಿಡಿದು, ಮಡಚದೆ ಅಲ್ಲೇ ನಿಂತಳು. ಹೊತ್ತವರು ಹೆಗಲು ಬದಲಿಸಿಕೊಂಡರು.