ಬೊಳ್ಳುವಿನ ಕಣ್ಣೀರು

ಮಹಾಬಲಣ್ಣನಿಗಾಗಿ ಮನೆಯಲ್ಲಿ ಯಾರೂ ಸರಿಯಾಗಿ ಅಳಲಿಲ್ಲ ಎಂದು ವಾಮಂಜೂರಿನ ಜನ ಆಡಿಕೊಳ್ಳುವ ಹಾಗಿರಲಿಲ್ಲ. ನಾಯಿ ಅಳುತ್ತಿತ್ತಲ್ಲ.

ಹೆಂಡತಿ ಗುಣವತಿಯ ಕಣ್ಣು ಮಾತ್ರ ಒಣಗಿಯೇ ಇತ್ತು. ಪೇಟೆಯ ಹೊಟೇಲು ಮುಚ್ಚಿ ಮನೆಗೆ ಬರುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ತೀರಿಹೋದ ಗಂಡನನ್ನು ಚಾವಡಿಯಲ್ಲಿ ಮಲಗಿಸಿದಾಗಲೂ ಅವಳಿಗೆ ಅಳು ಬರಲಿಲ್ಲ, ಗದ್ದೆಯ ಆಚೆ ಚಿತೆಯ ಹೊಗೆ ಎದ್ದಾಗಲೂ ಬರಲಿಲ್ಲ. ಬಂದ ಹೆಂಗಸರು ಅದನ್ನು ಗಮನಿಸಿದರು. ಅವರು ಗಮನಿಸಿದ್ದು ಅವಳಿಗೂ ತಿಳಿಯಿತು.

ಮಹಾಬಲಣ್ಣನ ಬಿಳಿ ನಾಯಿ ಬೊಳ್ಳು ಅಂಗಳದ ಮೂಲೆಯಲ್ಲಿ ಮುಖ ನೆಲಕ್ಕೆ ಒತ್ತಿ ಮಲಗಿತ್ತು. ಅನ್ನ ಹಾಕಿದರೆ ಮೂಸಿಯೂ ನೋಡದು. ಕಣ್ಣಿನಿಂದ ನೀರು ಇಳಿದು ಮೂತಿಯ ಎರಡೂ ಬದಿಯಲ್ಲಿ ಕಂದು ಗೆರೆ ಬಿದ್ದಿತ್ತು. ಬೊಜ್ಜದ, ಅಂದರೆ ಉತ್ತರಕ್ರಿಯೆಯ ಏರ್ಪಾಟು ನೋಡಿಕೊಳ್ಳಲು ಕಾಟಿಪಳ್ಳದಿಂದ ಬಂದು ಕೂತಿದ್ದ ಮಹಾಬಲಣ್ಣನ ತಮ್ಮ ಜಯಪಾಲ, ಮಾತನಾಡಿಸಲು ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದ.

"ನೋಡಿ, ಅಣ್ಣ ಹೋದ ಮೇಲೆ ಅದು ಅನ್ನ ಮುಟ್ಟಲಿಲ್ಲ. ನಾವು ಮನುಷ್ಯರು ಅಂತ ಹೇಳಿಕೊಳ್ಳುವುದು ಎಂತಕ್ಕೆ, ಹೇಳಿ?"

"ಹೋದ ಜನ್ಮದ ಋಣ ಮಾರಾಯ," ಎಂದರು ಮೇಲಿನ ಮನೆಯ ಕುಶಲಾ. ಬೊಳ್ಳುವಿಗೆ ಕೈ ಮುಗಿದು, ಸೆರಗಿನಿಂದ ಕಣ್ಣು ಒರೆಸಿಕೊಂಡು ಹೋದರು. ಬೇರೆಯವರೂ ಹಾಗೆಯೇ ಮಾಡಿದರು.

ಇದರಿಂದ ಗುಣವತಿಗೆ ಒಳಗೊಳಗೇ ಒಂದು ಸಮಾಧಾನವಿತ್ತು. ತನ್ನಿಂದ ಆಗದ್ದನ್ನು ಈ ಮನೆಯಲ್ಲಿ ಒಂದು ಜೀವವಾದರೂ ಮಾಡುತ್ತಿದೆ. ಅಳು ಮಗಾ, ನನ್ನದನ್ನೂ ಸೇರಿಸಿ ಅಳು ಎಂದು ಅದರ ಹತ್ತಿರ ಕೂತು ತಲೆ ಸವರುತ್ತಿದ್ದಳು.

ಹಾಗೆ ಸವರುತ್ತಾ ಒಂದು ಬೆಳಿಗ್ಗೆ ಹಳೆಯ ಸೀರೆಯ ತುಂಡಿನಿಂದ ಅದರ ಕಣ್ಣು ಒರೆಸಿದಳು. ಬಟ್ಟೆಗೆ ಹಳದಿ ಅಂಟು ಮೆತ್ತಿಕೊಂಡಿತು. ಗುಣವತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಕಣ್ಣೀರು ಅಂಟುತ್ತದೆಯೇ? ಮೂಗಿನ ಹೊಳ್ಳೆಗಳು ಒಣಗಿದ ಸಿಂಬಳದಿಂದ ಮುಚ್ಚಿಹೋಗಿದ್ದವು. ಬಾಯಿಯಿಂದ ಉಸಿರು ಗೊರಗೊರ ಎನ್ನುತ್ತಿತ್ತು. ಅಷ್ಟರಲ್ಲಿ ಬೊಳ್ಳು ಎದ್ದು, ಬೆನ್ನು ಗೂನು ಮಾಡಿ ಕೆಮ್ಮಿ, ಪುನಃ ಕುಸಿದು ಕೂತಿತು. ಕಿವಿಯ ಬುಡ ಮುಟ್ಟಿದರೆ ಕೆಂಡದ ಹಾಗೆ ಬಿಸಿ.

"ಜಯಪಾಲ, ಇದಕ್ಕೆ ಶೀತ ಆಗಿದೆ. ಜೋರು ಆಗಿದೆ."

"ಶೀತ ಅಲ್ಲ ಅತ್ತಿಗೆ, ಅದು ದುಃಖ," ಎಂದ ಜಯಪಾಲ. ಅವನ ಮುಖ ಸಣ್ಣದಾಗಿತ್ತು. "ಊರೆಲ್ಲ ಹೇಳಿ ಆಯಿತು. ಈಗ ನೀವು ಶೀತ ಅಂದರೆ ಹೇಗೆ? ಬೇಕಾದರೆ ಕರಿಮೆಣಸಿನ ಕಷಾಯ ಕೊಡಿ, ಬಚ್ಚಲಿನ ಒಲೆಯ ಹತ್ತಿರ ಮಲಗಿಸಿ. ಬೆಚ್ಚಗೆ ಇದ್ದರೆ ಹೋಗ್ತದೆ."

ಕಷಾಯ ಹೊಯ್ದದ್ದು ಅರ್ಧ ಗಂಟಲಿಗೆ ಹೋಯಿತು, ಅರ್ಧ ಎಲ್ಲಿಗೆ ಹೋಯಿತೋ. ನಾಯಿ ಉಸಿರು ಸಿಕ್ಕಿಕೊಂಡ ಹಾಗೆ ಒದ್ದಾಡಿತು. ಬಚ್ಚಲಿನಲ್ಲಿ ಹಸಿ ತೆಂಗಿನ ಮಡಲಿನ ಹೊಗೆ. ಮಧ್ಯಾಹ್ನದ ಹೊತ್ತಿಗೆ ಬೊಳ್ಳುವಿಗೆ ತಲೆ ಎತ್ತಲೂ ತ್ರಾಣವಿರಲಿಲ್ಲ.

"ಪೇಟೆಗೆ, ದನದ ಆಸ್ಪತ್ರೆಗೆ ಕೊಂಡುಹೋಗಬೇಕು," ಎಂದಳು ಗುಣವತಿ.

"ನನಗೆ ಚಪ್ಪರದವರ ಹತ್ತಿರ ಹೋಗಲಿಕ್ಕುಂಟು. ನಾಳೆ ನೋಡುವ."

"ಹಾಗಾದರೆ ನಾನೇ ಹೋಗ್ತೇನೆ."

ಜಯಪಾಲ ಎದ್ದು ನಿಂತ. "ಬೊಜ್ಜ ಆಗದೆ ನೀವು ಅಂಗಳ ದಾಟುವ ಹಾಗುಂಟಾ? ಗಂಡ ಹೋಗಿ ವಾರ ಆಗಲಿಲ್ಲ, ಅವಳು ನಾಯಿ ಹಿಡಿದುಕೊಂಡು ಪೇಟೆ ತಿರುಗಿದಳು ಅಂತ ಹೇಳ್ತಾರೆ. ಮೊದಲೇ..."

ಮೊದಲೇ ಅವಳು ಅಳಲಿಲ್ಲ ಎಂದು ಬಂದ ಹೆಂಗಸರು ಗಮನಿಸಿದ್ದರು. ಅದನ್ನು ಅವಳಿಗೆ ಹೇಳಬೇಕಾಗಿರಲಿಲ್ಲ. ಒಂದು ಗಳಿಗೆ ಕಂಬ ಹಿಡಿದು ನಿಂತಳು. ದಿನಾ ಸಂಜೆ ಬಸ್ಸಿಳಿದು ಬರುವ ಮಹಾಬಲಣ್ಣ ಚಪ್ಪಲಿ ಬಿಡುವ ಮೊದಲು ಈ ನಾಯಿಯ ಕಣ್ಣು ಒರೆಸುತ್ತಿದ್ದ. ಅವಳು ಕಾಂಪೌಂಡಿನ ಹತ್ತಿರ ಹೋಗಿ ಆಚೆ ಮನೆಯ ಝೈನಬ್‌ಳನ್ನು ಕರೆದಳು.

ಝೈನಬ್‌ಳ ಗಂಡ ಉಮರಬ್ಬ ಊಟಕ್ಕೆ ಬಂದಿದ್ದ. ಆಟೋರಿಕ್ಷಾ ದಾರಿಯಲ್ಲೇ ನಿಂತಿತ್ತು. ಅವನು ಬೊಳ್ಳುವನ್ನು ಇಷ್ಟು ವರ್ಷ ಗೋಡೆಯ ಆಚೆಯಿಂದಲೇ ಬಲ್ಲ. ನಾಯಿಯ ಮೂತಿಯ ಒದ್ದೆ ಮೈಗೆ ತಾಗಿದರೆ ಬ್ಯಾರಿ ಮುಸ್ಲಿಮನಾದ ಅವನ ಮತದಲ್ಲಿ ಮಣ್ಣು ಹಚ್ಚಿ ಏಳು ಸಲ ತೊಳೆಯಬೇಕು. ಮಹಾಬಲಣ್ಣ ಬೇಕೆಂದೇ ನಾಯಿಯನ್ನು ಗೋಡೆಯ ಬಳಿ ತಂದು, "ಬ್ಯಾರಿಗಳೇ, ಒಂದು ಮುತ್ತು ಕೊಡ್ಲಾ?" ಎಂದು ತಮಾಷೆ ಮಾಡುವುದಿತ್ತು.

ಉಮರಬ್ಬ ರಿಕ್ಷಾದಲ್ಲಿ ಗೋಣಿ ಹಾಸಿದ. ಗುಣವತಿ ಒಬ್ಬಳೇ ಎತ್ತಲು ನೋಡಿದಳು. ದೊಡ್ಡ ನಾಯಿ, ಕೈಯಿಂದ ಜಾರಿತು. ಅವನು ಹೆಂಡತಿಯ ಮುಖ ನೋಡಿದ.

"ಎಂತ ನೋಡ್ತೀರಿ?" ಎಂದಳು ಝೈನಬ್. "ಮಣ್ಣು ತೆಗೆದಿಡ್ತೇನೆ. ನೀವು ಎತ್ತಿ."

ಅವನು ಎತ್ತಿದ. ಬೊಳ್ಳುವಿನ ಸಿಂಬಳ ಮೊಣಕೈಯ ತನಕ ಇಳಿಯಿತು.

"ಅಕ್ಕ, ನಿಮ್ಮವರು ಈಗ ಇರಬೇಕಿತ್ತು," ಎಂದ ಉಮರಬ್ಬ. "ನಗಾಡಿ ನಗಾಡಿ ಬೀಳ್ತಿದ್ದರು."

ಗುಣವತಿ ಯಾರನ್ನೂ ನೋಡದೆ ಹತ್ತಿ ಕೂತಳು. ದಾರಿಯ ಕುಡುಪು ಊರು ದಾಟುವವರೆಗೂ ನಾಯಿಯ ತಲೆ ಅವಳ ತೊಡೆಯ ಮೇಲಿತ್ತು. ಬಸ್ಸಿನಲ್ಲಿ ಗಂಡನ ತಲೆ ಯಾರ ತೊಡೆಯ ಮೇಲಿತ್ತೋ, ಅವಳು ಯಾರನ್ನೂ ಕೇಳಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಜ್ವರ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. "ಬೇರೆ ನಾಯಿಗಳ ಜೊತೆ ಸೇರಿತ್ತಾ?"

"ಸಾವಿನ ಮನೆ ಡಾಕ್ಟ್ರೆ. ಜನ ಸೇರಿದಾಗ ಬೀದಿ ನಾಯಿಗಳೂ ಬಂದಿದ್ದವು. ಇದರ ಬಟ್ಟಲಿನಲ್ಲೇ ತಿಂದು ಹೋದವು."

"ಅಲ್ಲಿಂದ ಅಂಟಿದ್ದು. ಬರೀ ಮೂಗಿನ ನೀರಾದರೆ ಹೆದರುವುದು ಬೇಡ. ಕಣ್ಣು ಹೀಗೆ ಅಂಟಿ, ಜ್ವರ ಬಂದು, ಅನ್ನ ಬಿಟ್ಟರೆ ಕಾಯಬಾರದಿತ್ತು. ಮನುಷ್ಯರ ಮಾತ್ರೆ ಎಂತದಾದರೂ ಕೊಟ್ಟಿದ್ದೀರಾ?"

"ಇಲ್ಲ. ಕಷಾಯ ಮಾತ್ರ."

"ಹೊಯ್ಯಬೇಡಿ, ಶ್ವಾಸಕ್ಕೆ ಹೋಗ್ತದೆ. ಹೊಗೆಯ ಹತ್ತಿರವೂ ಬೇಡ. ಉಗುರುಬೆಚ್ಚಗಿನ ನೀರಿನಿಂದ ಮೂಗು ಒರೆಸ್ತಾ ಇರಿ. ಬೇರೆ ನಾಯಿ ಹತ್ತಿರ ಬಿಡಬೇಡಿ. ಕೈಕಾಲು ಅದುರಲಿಕ್ಕೆ ಸುರುವಾದರೆ ಕೂಡಲೇ ತನ್ನಿ. ಆಗ ನಾನು ಏನೂ ಹೇಳುವ ಹಾಗಿಲ್ಲ." ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಾ ಹೇಳಿದರು, "ಮುಖ್ಯ ಅದು ತಿನ್ನಬೇಕು. ಮೂಗು ಕಟ್ಟಿದ ನಾಯಿಗೆ ವಾಸನೆ ಗೊತ್ತಾಗುವುದಿಲ್ಲ, ವಾಸನೆ ಇಲ್ಲದ್ದು ಅದಕ್ಕೆ ಅನ್ನವೇ ಅಲ್ಲ. ಘಮ್ಮೆನ್ನುವಂಥದ್ದು ಕೊಡಿ. ಮೀನು ಆಗಬಹುದು."

ಸೂತಕದ ಮನೆಯಲ್ಲಿ ಬೊಜ್ಜ ಮುಗಿಯುವ ತನಕ ಮೀನು ತರುವ ಹಾಗಿಲ್ಲ. ಇಷ್ಟು ದಿನ ಬೊಳ್ಳುವಿಗೆ ಬಿದ್ದದ್ದು ಬರೀ ತಣ್ಣನೆಯ ಅನ್ನ ಮತ್ತು ಸಪ್ಪೆ ಸಾರು.

ಹಿಂದಿರುಗಿ ಬರುವಾಗ ಅವಳು ಅದನ್ನೇ ಹೇಳಿದಳು. ಮನೆ ಮುಟ್ಟಿ, ಉಮರಬ್ಬ ನಾಯಿಯನ್ನು ಗಾಳಿ ಬೆಳಕಿರುವ ಜಗಲಿಯಲ್ಲಿ ಇಳಿಸಿದ ಮೇಲೆ, ಗೋಡೆಯ ಆಚೆಗೆ ಕೂಗಿ ಹೆಂಡತಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದ.

ಝೈನಬ್ ತೆಂಗಿನ ಚಿಪ್ಪಿನಲ್ಲಿ ಕೊಟ್ಟ ಕೆಂಪು ಮಣ್ಣನ್ನು ಅವನು ಮೊಣಕೈಯ ತನಕ ಹಚ್ಚಿಕೊಂಡು ಬಾವಿಕಟ್ಟೆಯ ಹತ್ತಿರ ಕೂತ. ಗುಣವತಿ ನೀರು ಸೇದಿ ಹೊಯ್ದಳು. ಪ್ರತಿ ಸಲವೂ ಅವನು ಮೆಲ್ಲನೆ ಎಣಿಸಿಕೊಂಡ. ಜಯಪಾಲ ಜಗಲಿಯಲ್ಲಿ ನಿಂತು ನೋಡುತ್ತಿದ್ದ.

ಆಚೆ ಮನೆಯಿಂದ ಒಣಮೀನು ಸುಡುವ ವಾಸನೆ ಎದ್ದಿತು. ಗುಣವತಿ ಬಿಸಿ ನೀರಿನ ಬಟ್ಟೆಯಿಂದ ಬೊಳ್ಳುವಿನ ಹೊಳ್ಳೆಗಳನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ ಒರೆಸಿದಳು. ನಾಯಿ ಮೊದಲು ಕಿವಿ ಅಲುಗಿಸಿತು. ಆಮೇಲೆ ಮೂತಿ ಎತ್ತಿ ಗೋಡೆಯ ಕಡೆ ತಿರುಗಿಸಿತು.

ಝೈನಬ್ ಬಾಳೆಲೆಯನ್ನು ಗೋಡೆಯ ಮೇಲೆ ಇಟ್ಟಳು. "ನಿಮ್ಮ ಮನೆಯೊಳಗೆ ತರುವುದು ಬೇಡ ಅಕ್ಕ. ನಾಯಿಯನ್ನೇ ಇಲ್ಲಿಗೆ ತನ್ನಿ."

ಎತ್ತಲು ಬಂದದ್ದು ಜಯಪಾಲ. ಮುಂದಿನ ಕಾಲು ಅವನು ಹಿಡಿದ, ಹಿಂದಿನದು ಅವಳು. ಗೋಡೆಯ ಬುಡದಲ್ಲಿ, ಗಂಜಿಯಲ್ಲಿ ಕಲಸಿದ ಮೀನನ್ನು ಬೊಳ್ಳು ಒಂದು ಸಲ ನೆಕ್ಕಿತು. ಪುನಃ ನೆಕ್ಕಿತು.

ಆ ಹೊತ್ತಿಗೆ ಕುಶಲಾ ಯಾರೋ ನೆಂಟರನ್ನು ಕರೆದುಕೊಂಡು ಬಂದರು. "ಇದೇ ನೋಡು, ಯಜಮಾನನಿಗೋಸ್ಕರ ಅಳುವ ನಾಯಿ."

ಜಯಪಾಲ ಅತ್ತಿಗೆಯ ಕಡೆ ನೋಡಿದ.

"ಅದು ಅಳಲಿಲ್ಲ ಕುಶಲಕ್ಕ," ಎಂದಳು ಗುಣವತಿ. "ಅದಕ್ಕೆ ಶೀತ ಆಗಿತ್ತು. ಒರೆಸುವವರು ಇರಲಿಲ್ಲ. ದಿನಾ ಒರೆಸ್ತಿದ್ದದ್ದು ಅವರು..."

ಇಷ್ಟು ದಿನ ಒಣಗಿದ್ದ ಕಣ್ಣು ತುಂಬಿ ಹರಿಯಿತು. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಬಂದವರು ನೋಡುತ್ತಿದ್ದರು, ಅವಳಿಗೆ ಅದರ ಪರಿವೆ ಇರಲಿಲ್ಲ. ಪಕ್ಕದಲ್ಲಿ ಬೊಳ್ಳು ಎಲೆ ನೆಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.