ಎಲ್ಲಾ ನಮ್ಮ ಭಾವುಂದೇಯ

ಉಗುರಿನ ಸಂದಿಯಲ್ಲಿ ಜೇನುಮೇಣ ಇನ್ನೂ ಅಂಟಿಕೊಂಡೇ ಇದೆ, ಕೆರೆದರೂ ಹೋಗುತ್ತಿಲ್ಲ, ಹೋಗುವುದೂ ಬೇಡ, ಇರಲಿ, ನೋಡುವವರು ನೋಡಲಿ — ಒಳಗೆ ಭಾವ ನಗುತ್ತಿದ್ದಾನೆ, ನನ್ನ ಮನೆಯಲ್ಲಿ, ನನ್ನ ದಿಂಬಿಗೆ ಒರಗಿಕೊಂಡು, ಅಣ್ಣಾ ಇನ್ನೊಂದ್ ಕಜ್ಜಾಯ ಆಕ್ಕೊ ಅನ್ನುತ್ತಿದ್ದಾಳೆ ನನ್ನ ಹೆಂಡತಿ ಸುವರ್ಣಮ್ಮ, ನಾನು ಮಾತ್ರ ಹೊರಗೆ ಜಗುಲಿಯಲ್ಲಿ, ಎದುರಿಗೆ ಅವನ ಬೂಟು, ಹನೂರಿನ ಈ ಧೂಳಿಗೆ ಬೂಟಂತೆ. ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಯಾರ ಮುಂದೆ ಮುಚ್ಚಿಡಬೇಕು, ಮದುವೆಯಾದಾಗಿನಿಂದ ಉರಿಯುತ್ತಲೇ ಇದೆ, ನಮ್ಮಣ್ಣ ಕೊಯಮತ್ತೂರಲ್ಲಿ ಓದವ್ನೆ, ನಮ್ಮಣ್ಣ ಇಂಗ್ಲೀಷ್ ಮಾತಾಡ್ತನೆ, ನಮ್ಮಣ್ಣನ ಕೈಬರಾ ನೋಡ್ಬೇಕು ನೀವು — ನೋಡಿದ್ದೇನೆ ಕಣೆ, ಕೋಳಿ ಕೆರೆದ ಹಾಗಿದೆ, ಆದರೂ ಅವನನ್ನೇ ಕರೆದುಕೊಂಡು ಹೋದೆನಲ್ಲ, ನನ್ನ ಬುದ್ಧಿಗೆ ಏನು ಬಡಿದಿತ್ತು.

ಕಡ್ಡಿ ನನ್ನದು. ನನ್ನ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡು ಮಾದಪ್ಪನ ಬೆಟ್ಟಕ್ಕೆ ನಡೆದುಹೋದ ಪರಸೆಯವರು ವಾಪಸು ಬರುವಾಗ ಬೈಯುತ್ತಿದ್ದರು, ರಾಮಾಪುರ ದಾಟ್ತಿದ್ದಂಗೆ ಮಳೆ ಉಯ್ತು ಕಣ್ರಿ ಸಾವ್ಕಾರ್ರೇ, ಒಂದ್ ಕಡ್ಡೀನೂ ಅತ್ನಿಲ್ಲ, ನೆನಸಿದ ಅಕ್ಕಿ ತಿಂದ್ಕಂಡ್ ಮಲಗಿದ್ವಿ — ಆಗ ಹೊಳೆದದ್ದು, ಜೇನುಮೇಣ, ಕರಗಿಸಿ ಕಡ್ಡಿಯ ತಲೆಯನ್ನು ಅದ್ದಿಬಿಟ್ಟರೆ ನೀರು ಏನು ಮಾಡೀತು, ಆದರೆ ಮೇಣ ದಪ್ಪವಾದರೆ ಗೀರಿದಾಗ ಜಾರುತ್ತದೆ, ತೆಳುವಾದರೆ ನೀರು ಇಳಿಯುತ್ತದೆ, ಬಿಸಿ ಹೆಚ್ಚಾದರೆ ಭಗ್ಗೆನ್ನುತ್ತದೆ, ಎಡಗಡೆಯ ಮೀಸೆ ಸುಟ್ಟುಕೊಂಡೆ, ಸಾರಿನ ಬೋಸಿ ಆಳ್ ಮಾಡ್ಬುಟ್ರಿ ಅಂತ ಸುವರ್ಣಮ್ಮ ದಿನವೆಲ್ಲ ಬೈದಳು. ಎಲ್ಲ ಅವಳ ಕಣ್ಣೆದುರಿಗೇ ಮಾಡಿದ್ದು.

ಕಡ್ಡಿ ಕಂಪನಿಯ ಮೇನೇಜರು ಮದ್ರಾಸಿನಿಂದ ಕೊಳ್ಳೇಗಾಲದ ಬಂಗಲೆಗೆ ಬಂದಿದ್ದಾನೆ ಅಂತ ತಿಳಿದಾಗ, ನನಗೆ ಇಂಗ್ಲೀಷು ಬಾರದು, ಭಾವನಿಗೆ ಬರುತ್ತದೆ, ಹೋದೆವು, ಚೊಂಬಿನ ನೀರಿಗೆ ಕಡ್ಡಿ ಹಾಕಿದೆ, ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಬಿಟ್ಟು ತೆಗೆದೆ, ನನ್ನ ಕೈ ಒದ್ದೆ, ನೀವೇ ಗೀರಿ ಭಾವ ಅಂದೆ, ಗೀರಿದ, ಹತ್ತಿತು, ಮೇನೇಜರು ಬಾಯಲ್ಲಿದ್ದ ಸಿಗರೇಟನ್ನು ಬಗ್ಗಿ ಆ ಬೆಂಕಿಗೆ ಒಡ್ಡಿದ — ಭಾವನ ಬೆರಳು, ನನ್ನ ಕಡ್ಡಿ. ಇದು ಯಾರ ತಲೇಲಿ ಉಟ್ಟುದ್ದು ಅಂತ ಕೇಳ್ತಾವ್ರೆ ನಂಜಪ್ಪಾರೇ, ಅಂದ ಭಾವ. ನಾನು ಕೈಮುಗಿದೆ, ನಂದೇನದ ಸಾ, ಎಲ್ಲಾ ನಮ್ಮ ಭಾವುಂದೇಯ. ಮತ್ತೇನು ಹೇಳಬೇಕಿತ್ತು, ಹಿರಿಯರು ಪಕ್ಕದಲ್ಲಿ ನಿಂತಿರುವಾಗ ನಾನು ಮಾಡಿದೆ, ನಾನು ಮಾಡಿದೆ ಅಂತ ಎದೆ ತಟ್ಟಿಕೊಳ್ಳುತ್ತಾರೆಯೇ ನಮ್ಮಲ್ಲಿ, ನಾವು ಹಾಗೆ ಅನ್ನುವುದು, ಆಮೇಲೆ ಅವರು ಛೆ ಛೆ ಉಂಟಾ, ಎಲ್ಲಾ ಇವರುದ್ದೇಯ ಅನ್ನುವುದು, ಅದು ಕ್ರಮ, ಅವನ ಮಾತಿಗಾಗಿ ಕೈಮುಗಿದುಕೊಂಡೇ ಕಾದೆ, ಅವನು ನನ್ನ ಮಾತನ್ನು ಇಂಗ್ಲೀಷಿಗೆ ತಿರುಗಿಸಿದ, ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ, ಅಲ್ಲಿಗೇ ನಿಲ್ಲಿಸಿದ. ಮೇನೇಜರು ಎದ್ದು ಬಂದು ಕೈ ಕುಲುಕಿದ, ಅವನದನ್ನು, ಕುರ್ಚಿ ಎಳೆದು ಹಾಕಿದ, ಅವನಿಗೆ, ಕಂಪನೀಲಿ ದೊಡ್ಡ ಕೆಲಸ ಕೊಡ್ತರಂತೆ, ಮದ್ರಾಸಿಗೆ ಓಯ್ತೀನಿ ಅಂದ ಭಾವ, ವಾಪಸು ಬರುವ ಬಸ್ಸಿನಲ್ಲಿ, ಇದೇನ್ ಭಾವ ಇಂಗ್ ಮಾಡುದ್ರಿ ಅಂದೆ, ನೀವೇ ಅಂದ್ರಲ್ಲ ನಂಜಪ್ಪಾರೇ, ನಿಮ್ಮ ಮಾತ ನಾ ಉಲ್ಟಾ ಏಳಕಾದದಾ ಅಂದುಬಿಟ್ಟು ಕಿಟಕಿಯಾಚೆ ನೋಡಿದ.

ಹೋಗಲಿ, ಮದ್ರಾಸು ಅವನಿಗೇ ಇರಲಿ, ಒಬ್ಬಳಿದ್ದಾಳೆ ಕಂಡವಳು, ಬೋಸಿ ಅವಳದು, ಒಲೆ ಅವಳದು, ಒಂದು ಮಾತು ಸಾಕು ನನಗೆ, ಅಣ್ಣಾ ನೀನಲ್ಲ ಕಣೋ, ನಮ್ಮೋರು ಮಾಡುದ್ದು, ಅಷ್ಟೇ, ಈಗ ಅಂದಾಳು, ಎದ್ದಳು, ಬಳೆಯ ಸದ್ದು, ಅನ್ನುತ್ತಾಳೆ — ಒಲೆ ಆರೋಯ್ತು, ಅಣ್ಣಾ, ನಿನ್ ಕಡ್ಡೀಲಿ ಒಂದ ಗೀರು, ನೋಡಾಣ — ನಿನ್ನ ಕಡ್ಡಿ, ಅಂದಳು ಅವಳು, ಬಾಯಿ ತುಂಬ ಅಂದಳು, ಚರ್ರೆಂದಿತು, ಬಾಗಿಲ ಸಂದಿಯಲ್ಲಿ ಬೆಳಕು, ಒಲೆಯ ಕಡೆಗೆ ಬಗ್ಗದೆ ಅವನ ಮುಖವನ್ನೇ ನೋಡುತ್ತಿರುವ ಅವಳ ಮುಖ, ಅವನ ಬೆರಳು, ನನ್ನ ಕಡ್ಡಿ, ಅವಳ ಮುಖ, ಅವನ ಬೆರಳು, ನನ್ನ ಕಡ್ಡಿ —