ಎರಡೂ ಕಡೆಯ ಎದುರು ಗಾಳಿ

ಎರಡು ಊರುಗಳ ನಡುವಿನ ಹಾರಾಟದ ಅವಧಿಯಿಂದ ವಿಮಾನ ಕಂಪನಿ ಹದಿನಾರು ನಿಮಿಷ ತೆಗೆದುಹಾಕಿತು. ಎರಡು ಗಂಟೆ ಆರು ನಿಮಿಷ ಇದ್ದದ್ದು ಒಂದು ಗಂಟೆ ಐವತ್ತು ನಿಮಿಷವಾಯಿತು.

ಯೋಜನಾ ಕೋಣೆಯಲ್ಲಿ ಕೂತು ಹನ್ನೊಂದು ವರ್ಷದಿಂದ ಪ್ರತಿ ಹಾರಾಟದ ಪತ್ರಕ್ಕೂ ರುಜು ಹಾಕುತ್ತಿದ್ದವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ರುಜು ಇಲ್ಲದೆ ವಿಮಾನ ಮೇಲೇಳುವಂತಿರಲಿಲ್ಲ. ನಿಲ್ದಾಣದವರೆಲ್ಲ ಅವಳನ್ನು ದಾರದಕ್ಕ ಎನ್ನುತ್ತಿದ್ದರು. ಗೋಡೆಯ ನಕ್ಷೆಗೆ ಗುಂಡುಸೂಜಿ ಚುಚ್ಚಿ, ದಾರ ಹಾಯಿಸಿ ಅಳೆದ ಮೇಲೆಯೇ ಅವಳು ಕಂಪ್ಯೂಟರನ್ನು ನಂಬುವುದು. ಬೆಟ್ಟಸಾಲನ್ನು ಬಳಸಿ, ಸೇನೆಯ ನಿಷೇಧಿತ ಆಕಾಶವನ್ನು ತಪ್ಪಿಸಿ ಹೋಗುವ ಅವಳ ದಾರ ಎಂಟುನೂರ ತೊಂಬತ್ತು ಕಿಲೋಮೀಟರ್ ತೋರಿಸುತ್ತಿತ್ತು. ಕೇಂದ್ರ ಕಚೇರಿಯವರು ಸ್ಕೇಲ್ ಇಟ್ಟು ನೇರ ಗೆರೆ ಎಳೆದಿದ್ದರು. ಏಳುನೂರ ಅರವತ್ತು. ಬೆಟ್ಟ ಪಕ್ಕಕ್ಕೆ ಸರಿಯಬೇಕಿತ್ತು, ಅಷ್ಟೇ.

ಒಳಗುಟ್ಟು ತಿಳಿಯಲು ವಾರವೂ ಬೇಕಾಗಲಿಲ್ಲ. ಪೈಲಟ್ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ. ಹಳೆಯ ಅವಧಿಯಲ್ಲಿ ನಾಲ್ಕು ಹಾರಾಟಗಳು ಆ ಮಿತಿಯನ್ನು ಮೀರುತ್ತಿದ್ದವು. ಅದಕ್ಕೇ ಮಧ್ಯಾಹ್ನಕ್ಕೆ ಬೇರೆ ತಂಡ ಬರುತ್ತಿತ್ತು. ಹೊಸ ಅವಧಿಯಲ್ಲಿ ನಾಲ್ಕೂ ಒಂದೇ ತಂಡದ ಹೆಗಲಿಗೆ ಬಿದ್ದವು. ಮಧ್ಯಾಹ್ನದವರನ್ನು ಮನೆಯಲ್ಲಿ ಕೂರಿಸಿದರು. ವಿಮಾನ ಮಾತ್ರ ಪ್ರತಿ ಸಲವೂ ಹದಿನಾರು ನಿಮಿಷ ತಡವಾಗಿಯೇ ಇಳಿಯುತ್ತಿತ್ತು. ಗಾಳಿಯಿಂದ ತಡವಾಗಿ ಎಂಟು ಗಂಟೆ ಮೀರಿದರೆ ನಿಯಮದಲ್ಲಿ ಮಾಫಿ ಇರುವುದರಿಂದ, ಕಾರಣದ ಜಾಗದಲ್ಲಿ ‘ಎದುರು ಗಾಳಿ’ ಎಂದು ಬರೆಯಲು ಮೇಲಿನಿಂದ ಹೇಳಿಕೆ ಬಂದಿತ್ತು. ಗಾಳಿಗೆ ಬಾಯಿಲ್ಲ. ಒಂಬತ್ತು ದಿನ ದಾರದಕ್ಕನೂ ಅದರ ತಲೆಗೇ ಕಟ್ಟಿ ರುಜು ಹಾಕಿದಳು.

ಹತ್ತನೆಯ ದಿನ ಮಧ್ಯಾಹ್ನ, ಎರಡನೆಯ ಹಾರಾಟ ಮುಗಿಸಿ ಕ್ಯಾಪ್ಟನ್ ಒಳಗೆ ಬಂದ. ಅವಳ ಅಕ್ಕನ ಗಂಡ.

“ಏನಮ್ಮ ನಾದಿನಿ, ಇವತ್ತೂ ಗಾಳಿನಾ?”

“ಹೋಗುವಾಗಲೂ ಎದುರು, ಬರುವಾಗಲೂ ಎದುರು. ಅದಕ್ಕೆ ನಿಮ್ಮ ಮೇಲೆ ಏನೋ ಹಳೇ ಹಗೆ ಇರಬೇಕು ಭಾವ.”

ಅವನ ನಗು ಅರ್ಧಕ್ಕೇ ನಿಂತಿತು. “ನಿನ್ನೆ ನಾಲ್ಕನೇದರಲ್ಲಿ, ಇಳಿಯೋ ಹೊತ್ತಿಗೆ ಚಕ್ರ ಬಿಡೋದನ್ನೇ ಮರ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಸಹಪೈಲಟ್ ನೆನಪಿಸಿದ್ಲು. ನಿಮ್ಮಕ್ಕನ ಹತ್ರ ಬಾಯಿ ಬಿಡಬೇಡ.”

“ಒಳಗೆ ಎಷ್ಟು ಜನ ಇದ್ರು?”

“ಅರವತ್ತೆಂಟು.”

ಅಷ್ಟರಲ್ಲಿ ನಿಲ್ದಾಣದ ಮ್ಯಾನೇಜರ್ ಮೂರನೆಯ ಹಾರಾಟದ ಪತ್ರ ಹಿಡಿದು ಬಂದ. “ಅಕ್ಕ, ಬೇಗ ಒಂದು ರುಜು. ಜನ ಆಗ್ಲೇ ಬಸ್ ಹತ್ತಿದ್ದಾರೆ.”

“ನಿಜವಾದ ಅವಧಿ ಬರೆದ್ರೆ?”

“ಬರೆದ್ರೆ ನಾಲ್ಕೂ ಸೇರಿ ಎಂಟು ಗಂಟೆ ಮೀರತ್ತೆ, ನಿಮ್ಮ ಭಾವ ಬ್ಯಾಗ್ ಎತ್ಕೊಂಡು ಮನೆಗೆ ಹೋಗ್ತಾರೆ, ವಿಮಾನ ಇಲ್ಲೇ ನಿಲ್ಲತ್ತೆ. ನಾಳೆಯಿಂದ ನೀವೂ ಮನೇಲೇ.” ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಬರೀ ಕಾಗದ ತಾನೆ? ತಲೆ ಕೆಡಿಸ್ಕೋಬೇಡಿ.”

“ಹಾಕಿಬಿಡಮ್ಮ,” ಎಂದ ಕ್ಯಾಪ್ಟನ್. “ಹೇಗೋ ಸುಧಾರಿಸ್ಕೋತೀನಿ.”

ಹಾಗೆನ್ನುವಾಗ ಅವನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ. ದಾರದಕ್ಕ ಎದ್ದು ತನ್ನ ಕುರ್ಚಿಯನ್ನು ಅವನತ್ತ ಎಳೆದಳು.

“ನೀವು ಕೂತ್ಕೊಳ್ಳಿ ಭಾವ.” ಆಮೇಲೆ ಪತ್ರವನ್ನು ಮ್ಯಾನೇಜರನ ಕೈಗೇ ಮರಳಿಸಿದಳು. “ಮಧ್ಯಾಹ್ನದ ತಂಡಕ್ಕೆ ಫೋನ್ ಮಾಡಿ. ಇದಕ್ಕೆ ನಾನು ರುಜು ಹಾಕಲ್ಲ.”